ಆಟವಾಡಿಸುವವರ ಕಷ್ಟ

ರಜೆಯ ದಿನಗಳಲ್ಲಿ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಕಳೆದ ದಸರೆಯ ರಜೆಯಲ್ಲಿ ನಮ್ಮ ಮಗನು ಸ್ನೇಹಿತನೊಬ್ಬನಿಂದ ಒಂದು ಪೆಟ್ಟಿಗೆಯನ್ನು ಎರವಲು ತಂದು, "ಅಪ್ಪ, ಇದನ್ನು ನೀವೇ ಆಡಿಸಬೇಕು" ಎಂದು ನಮ್ಮ ಮುಂದಿಟ್ಟನು. ಒಳಗೆ ಎರಡು ತೆಳು ಪುಸ್ತಕಗಳೂ, ಐದು ಪಾತ್ರಗಳ ವಿವರವಿದ್ದ ಹಾಳೆಗಳೂ, ಆರು ದಾಳಗಳೂ ಇದ್ದುವು. ದಾಳಗಳು ನಮ್ಮ ಪಗಡೆಯವುಗಳಂತೆ ಉದ್ದವಾಗಿರಲಿಲ್ಲ. ಒಂದಕ್ಕೆ ನಾಲ್ಕು ಮುಖ, ಇನ್ನೊಂದಕ್ಕೆ ಎಂಟು, ಮತ್ತೊಂದಕ್ಕೆ ಇಪ್ಪತ್ತು. ನಮ್ಮ ತಾಯಿಯವರು ಅವನ್ನು ಕಂಡೊಡನೆಯೇ, "ಧರ್ಮರಾಯನ ಮನೆ ಹಾಳಾದದ್ದು ಸಾಲದೇನೋ?" ಎಂದು ಜಪಮಣಿಯನ್ನೆತ್ತಿಕೊಂಡು ಒಳಕ್ಕೆ ಹೋದರು. ಇದರಲ್ಲಿ ಪಣವಿಲ್ಲವೆಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಎಂಬವರೂ, ಮಿನೆಸೋಟದ ಡೇವ್ ಆರ್ನೆಸನ್ ಎಂಬವರೂ ಕೂಡಿ ರಚಿಸಿದ ಈ ಆಟವು ೧೯೭೪ರಲ್ಲಿ ಮೂರು ಕಿರುಹೊತ್ತಗೆಗಳಾಗಿ, ಮೊದಲಿಗೆ ಸುಮಾರು ೧,೦೦೦ ಪ್ರತಿಗಳು ಮಾತ್ರ ಅಚ್ಚಾಗಿ ಹೊರಬಂದಿತು. ಇದರ ಬಗೆಯನ್ನು ತಿಳಿಸಲು ನಮ್ಮ ಕರಾವಳಿಯ ತಾಳಮದ್ದಳೆಗಿಂತ ಹತ್ತಿರದ ಹೋಲಿಕೆ ನಮಗೆ ತೋರದು. ಅಲ್ಲಿ ವೇಷಭೂಷಣವಿಲ್ಲ, ಅರ್ಥಧಾರಿಗಳು ಕುಳಿತಲ್ಲಿಯೇ ಒಬ್ಬರು ಕೃಷ್ಣನಾಗಿ, ಒಬ್ಬರು ಕೌರವನಾಗಿ ಆಗಿಂದಾಗ ಮಾತು ಕಟ್ಟಿ ಆಡುತ್ತಾರೆ. ಇಲ್ಲಿಯೂ ಹಾಗೆಯೇ. ಆದರೆ ಅಲ್ಲಿ ಪ್ರಸಂಗದ ಕೊನೆಯು ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ಆಟವಾಡಿಸುವವನಿಗೂ ಗೊತ್ತಿಲ್ಲ. ಅವನು ಸನ್ನಿವೇಶವನ್ನು ಹೇಳಿ, "ಈಗ ನೀವೇನು ಮಾಡುತ್ತೀರಿ?" ಎಂದು ಕೇಳುತ್ತಾನೆ. ಆಟಗಾರರು ಹೇಳಿದ ಕೆಲಸವು ಸಂಶಯಾಸ್ಪದವಾಗಿದ್ದರೆ ಇಪ್ಪತ್ತು ಮುಖದ ದಾಳವನ್ನು ಉರುಳಿಸಬೇಕು. ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕವನ್ನು ಅದಕ್ಕೆ ಕೂಡಿಸಬೇಕು. ಸುಲಭವಾದ ಕೆಲಸಕ್ಕೆ ೧೦, ಸಾಧಾರಣಕ್ಕೆ ೧೫, ಕಠಿನಕ್ಕೆ ೨೦ ಮುಟ್ಟಿದರೆ ಕೆಲಸವಾಯಿತು. ನಿಯಮಗಳು ಬೇಕಾದಷ್ಟಿದ್ದರೂ ಮೊದಲ ದಿನಕ್ಕೆ ಇಷ್ಟು ತಿಳಿದರೆ ಸಾಕು.

ಈ ಜಾತಿಯ ಆಟವನ್ನು ಮೊಟ್ಟಮೊದಲು ಆಡಿಸಿದವರ ಪಾಡನ್ನು ನಾವು ಮುಂಚೆಯೇ ಓದಿದ್ದರೆ ನಮ್ಮ ಅಳುಕು ಎಷ್ಟೋ ಕಡಮೆಯಾಗುತ್ತಿತ್ತು. ೧೯೬೯ರಲ್ಲಿ ಮಿನೆಸೋಟದ ಡೇವಿಡ್ ವೆಸ್ಲಿ ಎಂಬವರು ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಊರೊಂದನ್ನು ನೆಪೋಲಿಯನ್ನನ ಕಾಲದಲ್ಲಿರಿಸಿ ಒಂದು ಯುದ್ಧದಾಟವನ್ನು ಹೂಡಿದರು. ಸೇನಾಪತಿಗಳು ಮಾತ್ರವಲ್ಲದೆ, ಊರಿನ ಪ್ರಮುಖರ ಪಾತ್ರಗಳನ್ನೂ ಬಂದವರಿಗೆ ಹಂಚಿದರು. ಒಬ್ಬೊಬ್ಬರಾಗಿ ಬಂದು ತಮ್ಮ ಉದ್ದೇಶವನ್ನು ತಿಳಿಸಬೇಕೆಂಬುದು ಅವರ ಏರ್ಪಾಡು. ಬಂದವರಾದರೋ ಮೂಲೆಮೂಲೆಗಳಲ್ಲಿ ಗುಂಪುಗೂಡಿ ಒಳಸಂಚು ನಡೆಸತೊಡಗಿದರು. ಇಬ್ಬರು ತಮ್ಮೊಳಗೆ ದ್ವಂದ್ವಯುದ್ಧಕ್ಕೆ ನಿಂತಿರುವೆವೆಂದು ಹೇಳಿದರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿಯವರು ನಿಂತ ನಿಲುವಿನಲ್ಲಿ ಒಂದನ್ನು ಕಟ್ಟಿ ದಾಳ ಹಾಕಿಸಿ ತೀರ್ಮಾನಿಸಿದರು. ಆ ಸಂಜೆ ಆಟವು ಕೆಟ್ಟಿತೆಂದೇ ಅವರು ಭಾವಿಸಿದ್ದರಂತೆ. ಆಡಿದವರು ಮಾತ್ರ ಮತ್ತೆ ಎಂದು ಆಡಿಸುವಿರಿ ಎಂದು ಬೆನ್ನುಹತ್ತಿದರು. ಆರ್ನೆಸನ್ನರು ಅದೇ ಗೆಳೆಯರ ಗುಂಪಿನವರು.

ನಾವು ಎರಡು ರಾತ್ರಿ ನಿದ್ದೆಗೆಟ್ಟು ಪುಸ್ತಕವನ್ನೋದಿ, ಯಾರು ಏನು ಕೇಳಿದರೆ ಏನು ಹೇಳಬೇಕೆಂಬುದನ್ನೆಲ್ಲ ಒಂದು ನೋಟುಬುಕ್ಕಿನ ಹನ್ನೆರಡು ಪುಟ ಬರೆದಿಟ್ಟುಕೊಂಡಿದ್ದೆವು. ಅದರಲ್ಲಿ ಅರ್ಧ ಪುಟವೂ ಉಪಯೋಗಕ್ಕೆ ಬರಲಿಲ್ಲ. ಕಥೆಯಲ್ಲಿ ಒಬ್ಬ ಕುಳ್ಳ ವರ್ತಕನು, ಸರಕಿನ ಗಾಡಿಯೊಂದನ್ನು ದೂರದ ಊರಿಗೆ ಮುಟ್ಟಿಸಿದರೆ ತಲೆಗೆ ಹತ್ತು ಹೊನ್ನು ಕೊಡುವೆನೆನ್ನುತ್ತಾನೆ. ಅದನ್ನೊಪ್ಪಿ ಎಲ್ಲರೂ ಹೊರಡುವರೆಂದು ನಾವು ನಂಬಿದ್ದೆವು. ನಮ್ಮ ಗೃಹಿಣಿಯವರು, "ಹತ್ತೇ? ದಾರಿಯ ಊಟ ಯಾರದು? ಎತ್ತಿನ ಮೇವು ಯಾರದು? ಅರ್ಧ ಮುಂಗಡವಿಲ್ಲದೆ ನಾವು ಗಾಡಿ ಮುಟ್ಟುವುದಿಲ್ಲ" ಎಂದು ಚೌಕಾಶಿಗೆ ಕುಳಿತರು. ತರಕಾರಿಯವನ ಮುಂದೆ ನಾವು ನಿತ್ಯ ಕಂಡ ದೃಶ್ಯವೇ. ಅರ್ಧ ಗಂಟೆ ಕಳೆದು, ೧೫ ಬಿದ್ದರೆ ಮುಂಗಡವೆಂದು ನಾವು ಸೋತು ಹೇಳಿದೆವು, ೧೮ ಬಿತ್ತು. ಮಕ್ಕಳು ನಕ್ಕ ನಗೆಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಇದರ ಮೇಲೆ ನೋಟುಬುಕ್ಕನ್ನು ಮುಚ್ಚಿದೆವು.

ಅಲ್ಲಿಯವರೆಗೆ ಎಲ್ಲವೂ ನೆಟ್ಟಗಿತ್ತು. ಮುಂದೆ ದಾರಿಯಲ್ಲಿ ಎರಡು ಸತ್ತ ಕುದುರೆಗಳು ಅಡ್ಡಬಿದ್ದಿದ್ದುವು. ಪೊದೆಯಿಂದ ಗಾಬ್ಲಿನ್ನುಗಳೆಂಬ ಕುಳ್ಳ ರಕ್ಕಸರು ಮೇಲೆ ಬಿದ್ದರು. ನಮ್ಮ ಹನ್ನೊಂದು ವರ್ಷದ ಮಗಳು ಮಂತ್ರಗಾತಿಯ ಪಾತ್ರ ವಹಿಸಿದ್ದಳು. ಅವಳ ಪ್ರಾಣಾಂಕಗಳಲ್ಲಿ ಎರಡು ಮಾತ್ರ ಉಳಿದಿದ್ದುವು. ಆಟವಾಡಿಸುವವನು ತನ್ನ ದಾಳವನ್ನು ಮರೆಯಲ್ಲಿ ಹಾಕಿಕೊಳ್ಳುವ ವಾಡಿಕೆಯುಂಟು. ನಾವು ಪೆಟ್ಟಿಗೆಯ ಮುಚ್ಚಳವನ್ನು ನಿಲ್ಲಿಸಿಕೊಂಡಿದ್ದೆವು. ರಕ್ಕಸನ ಏಟಿಗೆ ದಾಳ ಹಾಕಿದರೆ ೧೭ ಬಿತ್ತು. ತಾಗಲೇಬೇಕಾದ ಏಟು. ಮಗುವಿನ ಮುಖವನ್ನು ನೋಡಿದೆವು. "ಗುರಿ ತಪ್ಪಿತು" ಎಂದುಬಿಟ್ಟೆವು.

ಅವಳು ಸಂತೋಷಪಡಲಿಲ್ಲ. ಬಿದ್ದ ಪೆನ್ಸಿಲನ್ನು ತೆಗೆದುಕೊಳ್ಳಲು ಬಗ್ಗಿದ್ದವಳು ಮುಚ್ಚಳದ ಪಕ್ಕದಿಂದ ದಾಳವನ್ನು ಕಂಡಿದ್ದಳೆಂಬುದು ನಮಗೆ ತಿಳಿಯದು. ಆಮೇಲೆ ಏನು ಕೇಳಿದರೂ "ಯಾವುದಾದರೂ ಸರಿ" ಎಂದಳು. ಮಲಗುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ಅಪ್ಪ, ಹದಿನೇಳು ಬಿದ್ದಿತ್ತು. ನಾನು ಹೇಗಾಡಿದರೂ ನೀವು ಉಳಿಸುವುದಾದರೆ ನಾನು ಯಾಕೆ ಆಡಬೇಕು? ಶಕುನಿ ಕೂಡ ಹೀಗೆಯೇ ತಾನೇ ಮಾಡಿದ್ದು?" ಎಂದಳು. ಶಕುನಿಯು ಕೆಡಿಸಲೆಂದು ಮಾಡಿದನು, ನಾವು ಉಳಿಸಲೆಂದು ಮಾಡಿದೆವು ಎಂಬ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಬಹುಕಾಲದಿಂದ ಆಟವಾಡಿಸುವವರಲ್ಲಿಯೂ ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಕಥೆಯು ಚೆನ್ನಾಗಿ ಸಾಗುವುದಾದರೆ ಮರೆಯಲ್ಲಿ ದಾಳವನ್ನು ತಿದ್ದಿದರೆ ತಪ್ಪಿಲ್ಲವೆನ್ನುವವರು ಅನೇಕರಿದ್ದಾರೆ. ಅವರ ಮನೆಯಲ್ಲಿ ಹನ್ನೊಂದು ವರ್ಷದ ಮಗಳಿಲ್ಲವೆಂದು ತೋರುತ್ತದೆ.

ಮರುದಿನ ಸಂಜೆ ಮುಚ್ಚಳವನ್ನು ಅಟ್ಟಕ್ಕೆ ಹಾಕಿ, ಎಲ್ಲ ದಾಳವನ್ನೂ ನಡುಮನೆಯ ಚಾಪೆಯ ಮೇಲೆ ಬಯಲಾಗಿ ಹಾಕುವೆವೆಂದೆವು. ಅವಳು ಸ್ವಲ್ಪ ಯೋಚಿಸಿ ಬಂದು ಕುಳಿತಳು. ಗಾಬ್ಲಿನ್ನುಗಳ ಗುಹೆಯಲ್ಲಿ ಅವಳ ಮಂತ್ರಗಾತಿಯು ಎಲ್ಲರ ಕಣ್ಣೆದುರಿಗೇ ಬಿದ್ದಳು. ಪ್ರಾಣಾಂಕವು ಸೊನ್ನೆಯಾದವರು ತಮ್ಮ ಸರದಿ ಬಂದಾಗಲೆಲ್ಲ ಇಪ್ಪತ್ತರ ದಾಳವನ್ನು ಹಾಕಬೇಕು. ೧೦ ಅಥವಾ ಮೇಲೆ ಮೂರು ಸಾರಿ ಬಿದ್ದರೆ ಜೀವ ನಿಲ್ಲುತ್ತದೆ, ಕೆಳಗೆ ಮೂರು ಸಾರಿ ಬಿದ್ದರೆ ಹೋಗುತ್ತದೆ. ೧೪ ಬಿತ್ತು. ೬ ಬಿತ್ತು. ೧೨. ಆಮೇಲೆ ೩. ಗಾಯ ಮಾಯಿಸಬಲ್ಲ ಅಣ್ಣನ ಪಾತ್ರವು ಹೊಳೆಯಾಚೆ ಸಿಕ್ಕಿಕೊಂಡಿತ್ತು. ಓಡುತ್ತೇನೆಂದು ಅವನು ಎದ್ದೇ ನಿಂತಿದ್ದನು, ದೂರ ಬಹಳವಾಗಿತ್ತು. ಮುಚ್ಚಳವು ಕೈಗೆಟಕುವಂತಿದ್ದರೆ ನಾವು ಏನು ಮಾಡುತ್ತಿದ್ದೆವೋ ಹೇಳಲಾರೆವು.

ಮಗಳು ದಾಳವನ್ನು ಎರಡು ಕೈಗಳಲ್ಲಿಯೂ ಕುಲುಕಿ ಬಿಟ್ಟಳು. ಅದು ಚಾಪೆಯನ್ನು ದಾಟಿ ಉರುಳಿ ಹೊಸಲಿನ ಬಳಿ ನಿಂತಿತು. ಎಷ್ಟು ಹೊತ್ತಿನಿಂದಲೋ ಅಲ್ಲಿಯೇ ನಿಂತಿದ್ದ ನಮ್ಮ ತಾಯಿಯವರು ಜಪಮಣಿಯನ್ನು ಎಡಗೈಗೆ ಬದಲಾಯಿಸಿ, ಕನ್ನಡಕವನ್ನು ಸರಿಪಡಿಸಿಕೊಂಡು ಬಗ್ಗಿ ನೋಡಿದರು.

"ಹನ್ನೊಂದು. ಸಾಕೇನೋ ಅಷ್ಟು?"