ಉಳಿದ ಪೆಟ್ರೋಲ್ ನೀರಿನ ಬಾಟಲಿಗೆ ಬೇಡ

ಸೀಮೆಎಣ್ಣೆ ಕುಡಿದ ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿ ಬರುವ ದೃಶ್ಯ ಒಂದು ಕಾಲದಲ್ಲಿ ಬೇಸಿಗೆ ಬಂತೆಂದರೆ ಸಾಮಾನ್ಯವಾಗಿತ್ತು. ಬಾಯಾರಿದ ಮಗು, ಕೈಗೆಟಕುವಲ್ಲಿ ಬಾಟಲಿ, ಅದರಲ್ಲಿ ನೀರಿನಂತೆ ಕಾಣುವ ಎಣ್ಣೆ. ಗ್ಯಾಸ್ ಒಲೆ ಮತ್ತು ವಿದ್ಯುತ್ ದೀಪ ಮನೆಮನೆಗೂ ಬಂದ ಮೇಲೆ ಸ್ಟೌ, ಬುಡ್ಡಿ ದೀಪ ಮೂಲೆ ಸೇರಿದವು. ಇನ್ನು ಈ ತಾಪತ್ರಯ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅದೇ ಬಾಟಲಿ ಹೊಲದ ಕಡೆಯಿಂದ ಮತ್ತೆ ಮನೆಯೊಳಗೆ ಬಂದಿದೆ.

ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಈಗ ಕುಡುಗೋಲಿನ ಬದಲು ಹೆಗಲಿಗೆ ನೇತುಹಾಕಿಕೊಳ್ಳುವ ಕಳೆ ಕತ್ತರಿಸುವ ಯಂತ್ರದ ಸದ್ದು ಕೇಳುತ್ತದೆ. ಹೊನ್ನಾಳಿ, ನ್ಯಾಮತಿ ಕಡೆ ಕರೆಂಟು ಕೈಕೊಟ್ಟಾಗ ಗದ್ದೆಗೆ ನೀರೆತ್ತಲು ಡೀಸೆಲ್ ಪಂಪು ಬೇಕು. ಜಗಳೂರಿನಂಥ ಮೆಕ್ಕೆಜೋಳದ ಸೀಮೆಯಲ್ಲಿ, 2018ರಲ್ಲಿ ರಾಜ್ಯಕ್ಕೆ ಸೈನಿಕ ಹುಳು ಕಾಲಿಟ್ಟ ಮೇಲೆ, ಔಷಧಿ ಹೊಡೆಯುವ ಕೆಲಸ ಹೆಚ್ಚಾಗಿದೆ. ಬೆನ್ನಿಗೆ ಕಟ್ಟುವ ಪೆಟ್ರೋಲ್ ಸ್ಪ್ರೇಯರ್‌ಗಳೂ ಬಂದಿವೆ. ಈ ಯಂತ್ರಗಳ ಟ್ಯಾಂಕು ಚಿಕ್ಕದು. ಬಂಕಿನಿಂದ ತಂದದ್ದರಲ್ಲಿ ಅರ್ಧ ಲೀಟರೋ ಒಂದು ಲೀಟರೋ ಉಳಿಯುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲಲು ಯಾರಿಗೂ ಮನಸ್ಸು ಬಾರದು. ಖಾಲಿ ನೀರಿನ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಸುರಿದು ಕೊಟ್ಟಿಗೆಯ ಗೂಡಿನಲ್ಲಿಟ್ಟು ಮರೆಯುತ್ತೇವೆ. ಟೂ ಸ್ಟ್ರೋಕ್ ಯಂತ್ರಕ್ಕೆಂದು ಆಯಿಲ್ ಬೆರೆಸಿದ ಪೆಟ್ರೋಲಿಗೆ ಬಣ್ಣವೂ ಇರುತ್ತದೆ. ಮಗುವಿನ ಕಣ್ಣಿಗೆ ಅದು ಶರಬತ್ತು.

ಎರಡೂವರೆ ವರ್ಷದ ಹುಡುಗನೊಬ್ಬನನ್ನು ಹೀಗೆಯೇ ಕರೆತಂದಿದ್ದರು. ಕುಡಿದದ್ದು ಒಂದು ಗುಟುಕು ಮಾತ್ರ. ಅಜ್ಜಿ ಗಾಬರಿಯಿಂದ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದ್ದರು. "ಎಲ್ಲಾ ಹೊರಗ್ ಬಂದೈತಿ ಡಾಕ್ಟ್ರೇ" ಎಂದು ಸಮಾಧಾನದಿಂದಲೇ ಹೇಳಿದರು. ಆದರೆ ಹುಡುಗನ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಪಕ್ಕೆ ಒಳಗೆ ಸೆಳೆಯುತ್ತಿತ್ತು. ನಾಲ್ಕು ದಿನ ದಾವಣಗೆರೆಯಲ್ಲಿ ಆಮ್ಲಜನಕದ ಮೇಲಿದ್ದು ಅವನು ಚೇತರಿಸಿಕೊಂಡ. ಅಜ್ಜಿಯನ್ನು ದೂರುವ ಹಾಗಿಲ್ಲ. ವಿಷ ಕುಡಿದರೆ ವಾಂತಿ ಮಾಡಿಸಬೇಕೆಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು.

ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳ ವಿಷಯದಲ್ಲಿ ಈ ತಿಳುವಳಿಕೆ ಪೂರ್ತಿ ತಲೆಕೆಳಗು. ಹೊಟ್ಟೆ ಸೇರಿದ ಸ್ವಲ್ಪ ಎಣ್ಣೆಯಿಂದ ಆಗುವ ಕೇಡು ಸಾಮಾನ್ಯವಾಗಿ ಕಡಿಮೆ. ಕೇಡೆಲ್ಲ ಅದು ಶ್ವಾಸನಾಳಕ್ಕೆ ಜಾರಿದಾಗ. ಇವು ತೀರ ತೆಳುವಾದ ದ್ರವಗಳು, ಸೋಕಿದಲ್ಲೆಲ್ಲ ಕ್ಷಣದಲ್ಲಿ ಹರಡಿಕೊಳ್ಳುತ್ತವೆ. ಶ್ವಾಸಕೋಶದೊಳಗಿನ ಸಣ್ಣ ಸಣ್ಣ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಕಾಯುವ ನೊರೆಯಂಥ ಲೇಪವೊಂದಿದೆ; ಎಣ್ಣೆ ಅದನ್ನು ಕರಗಿಸಿಬಿಡುತ್ತದೆ. ಗೂಡುಗಳು ಕುಸಿಯುತ್ತವೆ, ಊತ ಬರುತ್ತದೆ. ಇದಕ್ಕೆ ಕೆಲವೇ ಹನಿ ಸಾಕು. ವಾಂತಿ ಮಾಡಿಸಿದಾಗಲೆಲ್ಲ ಎಣ್ಣೆ ಇನ್ನೊಮ್ಮೆ ಶ್ವಾಸನಾಳದ ಬಾಗಿಲಿಗೆ ಬರುತ್ತದೆ, ಅಷ್ಟೆ.

ಆದ್ದರಿಂದ ಉಪ್ಪುನೀರು ಬೇಡ, ಬೆರಳು ಹಾಕುವುದು ಬೇಡ. ಹಾಲು, ತುಪ್ಪ, ನಿಂಬೆ ರಸ ಯಾವುದೂ ಬೇಡ. ಹೊಟ್ಟೆ ತುಂಬಿದಷ್ಟೂ ವಾಂತಿಯಾಗುವ ಸಂಭವ ಹೆಚ್ಚು. ಮಗುವನ್ನು ನೆಟ್ಟಗೆ ಕೂರಿಸಿಕೊಳ್ಳಿ. ಬಾಯಿ ಒರೆಸಿ, ಎಣ್ಣೆ ತಾಗಿದ ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ಮಂಪರು ಕವಿದಿದ್ದರೆ ಎಡಮಗ್ಗುಲಿಗೆ ಮಲಗಿಸಿ. ತಾನಾಗಿಯೇ ವಾಂತಿ ಬಂದರೆ ತಲೆ ಮುಂದಕ್ಕೆ ಬಗ್ಗಿಸಿ ಹಿಡಿಯಿರಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಿ. ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117ರಲ್ಲಿ ಶುಲ್ಕವಿಲ್ಲದೆ ಕೇಳಬಹುದು; ಆದರೆ ಕೆಮ್ಮುತ್ತಿರುವ ಮಗುವನ್ನು ಮುಂದಿಟ್ಟುಕೊಂಡು ಫೋನಿನಲ್ಲೇ ಹೊತ್ತು ಕಳೆಯಬಾರದು.

ಆ ಬಾಟಲಿಯನ್ನು ಜೊತೆಗೆ ತನ್ನಿ. ಇದು ಮುಖ್ಯ. ಔಷಧಿ ಹೊಡೆಯುವ ಮನೆಯಲ್ಲಿ ಬಾಟಲಿಯೊಳಗೆ ಕೀಟನಾಶಕವೂ ಬೆರೆತಿರಬಹುದು. ಹಾಗಿದ್ದರೆ ಚಿಕಿತ್ಸೆಯೇ ಬೇರೆ. ಕೀಟನಾಶಕದ ಡಬ್ಬಿ ಸಿಕ್ಕರೆ ಅದನ್ನೂ ತನ್ನಿ.

ಮಗು ಕೆಮ್ಮಲಿಲ್ಲ, ಆಡಿಕೊಂಡಿದೆ ಎಂದು ಮನೆಯಲ್ಲೇ ಉಳಿಯಬೇಡಿ. ಕನಿಷ್ಠ 6 ಗಂಟೆ ವೈದ್ಯರ ಕಣ್ಗಾವಲಿನಲ್ಲಿ ಇರಬೇಕು. ಬಂದ ಕೂಡಲೇ ತೆಗೆದ ಎಕ್ಸ್-ರೇ ಚೆನ್ನಾಗಿಯೇ ಕಂಡು, ಕೆಲವು ಗಂಟೆಗಳ ಮೇಲೆ ತೆಗೆದದ್ದರಲ್ಲಿ ಕಲೆ ಕಾಣಿಸುವುದುಂಟು. ಜ್ವರ ಬಂದೊಡನೆ "ಇಂಜೆಕ್ಷನ್ ಯಾಕೆ ಕೊಡ್ತಿಲ್ಲ" ಎಂದು ತಂದೆತಾಯಿ ಸಿಟ್ಟಾಗುತ್ತಾರೆ. ಇದು ರೋಗಾಣುವಿನ ಜ್ವರವಾಗಿರಬೇಕೆಂದಿಲ್ಲ, ರಾಸಾಯನಿಕ ಊತದ ಜ್ವರವೂ ಇರಬಹುದು. ಎಲ್ಲರಿಗೂ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ.

ದೊಡ್ಡವರೂ ಇದೇ ಕಾಯಿಲೆ ತಂದುಕೊಳ್ಳುತ್ತಾರೆ. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಪೈಪಿಗೆ ಬಾಯಿಟ್ಟು ಎಳೆಯುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ ಹೇಳಿದರೆ ನಗುತ್ತಾರೆ. ನೂರು ಸಲ ಸರಿಹೋಗಿ, ನೂರಾ ಒಂದನೆಯ ಸಲ ನೆತ್ತಿಗೇರುತ್ತದೆ. ಅಂದು ರಾತ್ರಿಯೋ ಮರುದಿನವೋ ಎದೆನೋವು, ಜ್ವರ, ಕೆಮ್ಮು. ಬಾಯಿಂದ ಎಳೆದ ಸಂಗತಿಯನ್ನು ರೋಗಿ ಹೇಳದಿದ್ದರೆ ವೈದ್ಯರು ಮಾಮೂಲಿ ನ್ಯುಮೋನಿಯ ಎಂದುಕೊಳ್ಳುತ್ತಾರೆ. ಕೈಯಲ್ಲಿ ಒತ್ತುವ ಸಣ್ಣ ಪ್ಲಾಸ್ಟಿಕ್ ಪಂಪಿಗೆ ದೊಡ್ಡ ಬೆಲೆಯೇನಿಲ್ಲ.

ಹಾಗಾದರೆ ಉಳಿದದ್ದನ್ನು ಏನು ಮಾಡಬೇಕು? ಉಳಿಯದಂತೆ ನೋಡಿಕೊಳ್ಳುವುದೇ ಮೊದಲ ಉತ್ತರ. ಆ ದಿನಕ್ಕೆ ಬೇಕಾದಷ್ಟೇ ತನ್ನಿ, ಆಯಿಲ್ ಬೆರೆಸುವುದೂ ಅಷ್ಟಕ್ಕೇ ಇರಲಿ. ಹಂಗಾಮು ಮುಗಿದಾಗ ಪೆಟ್ರೋಲ್ ಯಂತ್ರವನ್ನು ಬಯಲಿಗೆ ತಂದು, ಟ್ಯಾಂಕಿನಲ್ಲಿ ಇದ್ದದ್ದು ತೀರಿ ಅದು ತಾನೇ ನಿಲ್ಲುವವರೆಗೆ ಓಡಿಸಿ. ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಕೂಡದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣವನ್ನೇ ತೆಗೆಯಬಲ್ಲದು. ಇತ್ತೀಚಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಮುಂದಿನ ವರ್ಷಕ್ಕೆಂದು ಕೂಡಿಟ್ಟರೆ ಯಂತ್ರಕ್ಕೂ ಪ್ರಯೋಜನವಿಲ್ಲ. ಕೆಲವು ವಾರಗಳಷ್ಟೇ ಹಳೆಯದಾಗಿ ತಿಳಿಯಾಗಿದ್ದರೆ ಹೊಸದರೊಂದಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಮುಗಿಸಿ. ಆಯಿಲ್ ಬೆರೆಸಿದ್ದನ್ನು ಟೂ ಸ್ಟ್ರೋಕ್ ಯಂತ್ರಕ್ಕೆ ಮಾತ್ರ. ಕಪ್ಪಾಗಿ, ಹುಳಿ ವಾಸನೆ ಬಂದು, ಗಸಿ ಕಟ್ಟಿದ್ದರೆ ಯಂತ್ರ ರಿಪೇರಿ ಮಾಡುವವರನ್ನು ಕೇಳಿ ಅವರಿಗೇ ಒಪ್ಪಿಸಿ. ಬಂಕಿನವರು ಮಾರಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ. ಪಟ್ಟಣ ಪಂಚಾಯಿತಿಗಳು ಹಳೆ ಬಲ್ಬು, ಬ್ಯಾಟರಿಗಳ ಜೊತೆ ಇದಕ್ಕೂ ಒಂದು ದಿನ ಗೊತ್ತುಮಾಡಿದರೆ ಎಷ್ಟೋ ಉಪಕಾರ.

ಚರಂಡಿಗೆ, ನಾಲೆಗೆ, ಬೋರ್‌ವೆಲ್ ಪಕ್ಕದ ನೆಲಕ್ಕೆ ಸುರಿಯಬೇಡಿ. ಜಗಳೂರಿನ ಕಡೆ ಕೊಳವೆ ಬಾವಿಯ ನೀರಿನ ಬೆಲೆ ಏನೆಂದು ನಾನು ಹೇಳಬೇಕಿಲ್ಲ. ಬಚ್ಚಲ ಒಲೆಗೂ ಸುರಿಯಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಹೋಗಿ ದೂರದ ಕೆಂಡವನ್ನು ಮುಟ್ಟಿ ಹಿಂದಕ್ಕೆ ಹೊತ್ತಿಕೊಂಡು ಬರುತ್ತದೆ. ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟು, ಶಾಯಿ ಹಚ್ಚಬೇಡಿ. ಗ್ರೀಸ್ ಮೆತ್ತಿದ ಕೈಯನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸವಿದ್ದರೆ ಬಿಡಿ. ಅದರಲ್ಲಿ ಶೇ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ. ಇದು ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಮೊದಲು ಅಡುಗೆ ಎಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿದರೆ ಗ್ರೀಸ್ ಬಿಡುತ್ತದೆ. ಹೇನಿಗೆಂದು ಮಕ್ಕಳ ತಲೆಗೆ ಸೀಮೆಎಣ್ಣೆ ಹಚ್ಚುವವರೂ ಇದ್ದಾರೆ, ದಯವಿಟ್ಟು ಬೇಡ.

ಇಟ್ಟುಕೊಳ್ಳಲೇಬೇಕಾದರೆ ಭದ್ರ ಮುಚ್ಚಳದ ಲೋಹದ ಕ್ಯಾನಿನಲ್ಲಿ ಇಡಿ. 1934ರ ಪೆಟ್ರೋಲಿಯಂ ಕಾಯ್ದೆ ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪೆಟ್ರೋಲ್ ಇಡಲು ಬಿಡುತ್ತದೆ, ಆದರೆ ಅದು ಹೇಳುವ ಪಾತ್ರೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಇಲ್ಲ. ಕ್ಯಾನಿನ ಮೇಲೆ ದೊಡ್ಡದಾಗಿ "ಪೆಟ್ರೋಲ್" ಎಂದು ಬರೆದು, ಮನೆಯಿಂದ ಹೊರಗೆ, ನೆರಳಿನಲ್ಲಿ, ಬೀಗ ಹಾಕಿ ಇಡಿ. ಕ್ಯಾನು ಖಾಲಿಯಾಯಿತೆಂದರೂ ಆವಿ ಉಳಿದಿರುತ್ತದೆ. ಅದರಲ್ಲಿ ನೀರು ತುಂಬಿಸಬೇಡಿ. ಬೆಸುಗೆಗೆಂದು ವೆಲ್ಡಿಂಗ್ ಅಂಗಡಿಗೆ ಒಯ್ದರೆ ಮೊದಲು ಅದರಲ್ಲಿ ಏನಿತ್ತೆಂದು ಹೇಳಿ.