ಎತ್ತಿನ ಕಾಲಲ್ಲಿ ಸಿಕ್ಕ ಸುಳಿವು

ಕೊಳಾಲದಿಂದ ಮಧುಗಿರಿ, ಪಾವಗಡದವರೆಗಿನ ಎಷ್ಟೋ ಊರುಗಳಲ್ಲಿ ಕಂದು ಗೆರೆ ಬಿದ್ದ ಹಲ್ಲು ಕಂಡರೆ ಯಾರೂ ಬೆರಗಾಗುವುದಿಲ್ಲ. ಬೋರ್ ನೀರು ಎಂದು ಸುಮ್ಮನಾಗುತ್ತಾರೆ. ಈ ಎರಡು ಮಾತಿನ ಹಿಂದೆ ಒಂದು ದೊಡ್ಡ ಹುಡುಕಾಟವಿದೆ.

ಅದು ಶುರುವಾದದ್ದು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಉಳುವ ಎತ್ತುಗಳು ಕಾಲು ಬಿಗಿದು ಹೆಜ್ಜೆ ಕೀಳಲಾರದೆ ನಿಲ್ಲುವುದನ್ನು ರೈತರು ಮೊದಲು ಗಮನಿಸಿದರು. ಆಮೇಲೆ ಅದೇ ಬಿಗಿತ ಮನುಷ್ಯರಲ್ಲೂ ಕಂಡಿತು: ಕತ್ತು ತಿರುಗದು, ಬೆನ್ನು ಬಾಗಿದರೆ ನೇರವಾಗದು. ಮೇಲ್ನೋಟಕ್ಕೆ ವಾತದಂತೆ ಕಾಣುವ ಕಾಯಿಲೆ.

ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್‌ನ ಡಾ. ಎಚ್.ಇ. ಶಾರ್ಟ್, ಮದ್ರಾಸಿನ ವೈದ್ಯ ಮೆಕ್‌ರಾಬರ್ಟ್, ಎಕ್ಸ್‌ರೇ ತಜ್ಞ ಬರ್ನಾರ್ಡ್ ಹಾಗೂ ಮನ್ನಾಡಿ ನಾಯರ್ ಇದರ ಬೆನ್ನು ಹತ್ತಿದರು. ಎಕ್ಸ್‌ರೇಯಲ್ಲಿ ಬೆನ್ನೆಲುಬು ಇರಬೇಕಾದ್ದಕ್ಕಿಂತ ಹೆಚ್ಚು ದಟ್ಟವಾಗಿ, ಬೆಳ್ಳಗೆ ಮೂಡಿತ್ತು. ಕೀಲುಗಳನ್ನು ಹಿಡಿದಿಡುವ ಮೆತ್ತನೆಯ ಪಟ್ಟಿಗಳೂ ಎಲುಬಾಗಿ ಗಟ್ಟಿಗೊಂಡಿದ್ದವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿತ್ತು. ಕಂದು ಹಲ್ಲಿಗೆ ಕಾರಣ ನೀರಿನ ಫ್ಲೋರೈಡ್ ಎಂಬುದನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ಚರ್ಚಿಲ್ 1931ರಲ್ಲಿ ತೋರಿಸಿದ್ದರು. ಕ್ರಯೋಲೈಟ್ ಖನಿಜದ ದೂಳು ಕುಡಿದ ಕೂಲಿಗಳ ಎಲುಬು ಹೀಗೆಯೇ ದಟ್ಟವಾಗಿರುವುದು 1932ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕಂಡಿತ್ತು. ಆದರೆ ಊರ ಬಾವಿಯ ನೀರೇ ಇಡೀ ಊರಿನ ಬೆನ್ನು ಬಗ್ಗಿಸಬಲ್ಲದು ಎಂಬುದನ್ನು ನಮ್ಮ ದೇಶದಲ್ಲಿ ಮೊದಲು ವಿವರವಾಗಿ ತಿಳಿಸಿದ್ದು ನೆಲ್ಲೂರಿನ ಈ ವರದಿ. 1937ರಲ್ಲಿ ಅದು ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಅಚ್ಚಾಯಿತು. 1913ರಿಂದ ನಡೆದುಬಂದ ಆ ಪತ್ರಿಕೆ ಇಲ್ಲದಿದ್ದರೆ ನೆಲ್ಲೂರಿನ ನೋವು ಕಡತದಲ್ಲೇ ಉಳಿಯುತ್ತಿತ್ತೇನೋ.

ನನಗೆ ಇನ್ನೂ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಅದೇ ಪತ್ರಿಕೆಯಲ್ಲಿ 1940ರಲ್ಲಿ ಬಂದ ಲೇಖನ. ಡಾ. ಸಿ.ಜಿ. ಪಂಡಿತ್ ಮತ್ತು ಜೊತೆಗಾರರು ಫ್ಲೋರೈಡ್ ಅಳೆದು ಸುಮ್ಮನಾಗಲಿಲ್ಲ. ಜನ ಏನು ಉಣ್ಣುತ್ತಾರೆಂದೂ ಕೇಳಿದರು. ಹೊಟ್ಟೆಗೆ ಸಾಲದ ಬಡವರ ಎಲುಬನ್ನೇ ಈ ಕಾಯಿಲೆ ಹೆಚ್ಚು ಹಿಂಡುತ್ತದೆ ಎಂಬುದು ಅವರಿಗೆ ಕಂಡ ಸತ್ಯ. ಇದೇ ಪಂಡಿತ್ ಮುಂದೆ ಆ ಪತ್ರಿಕೆಯನ್ನು ಹೊರತರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನಿರ್ದೇಶಕರಾದರು. 

ನೆಲ್ಲೂರಿನಂತೆ ನಮ್ಮ ಸೀಮೆಯ ನೆಲವೂ ಕಗ್ಗಲ್ಲಿನದೇ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿಗೆ ಅದರ ಖನಿಜಗಳಿಂದ ಫ್ಲೋರೈಡ್ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕಾಯಿಸಿ ಕುಡಿದರೆ ಸಾಕೆಂದು ನಂಬುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಲೇಬೇಕು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿನಲ್ಲಿ ಅದು ಬಹಳ ಕಡಿಮೆ.