ಇಪ್ಪತ್ತೆಂಟು ಮಾತ್ರೆಗಳ ಪಟ್ಟಿ



ಕೂಡ್ಲಿಗಿಯಿರಲಿ, ಹರಪನಹಳ್ಳಿಯಿರಲಿ, ಉಪಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಪಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಅದರಲ್ಲಿ 28 ಮಾತ್ರೆಗಳಿವೆ. ಗರ್ಭವನ್ನು ತಡೆಯುವವು 21 ಬಿಳಿಯ ಮಾತ್ರೆಗಳು ಮಾತ್ರ. ಉಳಿದ 7 ಕಂದು ಮಾತ್ರೆಗಳು ಕಬ್ಬಿಣಾಂಶದವು. ಅವು ರಕ್ತವೃದ್ಧಿಗೆ ಸಹಾಯಕ. ಅವುಗಳಿಗೆ ಇನ್ನೊಂದು ಕೆಲಸವೂ ಉಂಟು. 21 ದಿನ ನುಂಗಿ 7 ದಿನ ಬಿಟ್ಟರೆ, ಮರಳಿ ಆರಂಭಿಸುವ ದಿನ ಮರೆತುಹೋಗಬಹುದು. ನಿತ್ಯವೂ ಒಂದು ನುಂಗುವವಳಿಗೆ ಲೆಕ್ಕವೇ ಬೇಕಿಲ್ಲ; ಪಟ್ಟಿ ಮುಗಿದ ಮರುದಿನವೇ ಹೊಸ ಪಟ್ಟಿ.

ಅಮೆರಿಕದಲ್ಲಿ ಈ ಮಾತ್ರೆಗಳು ಮೊದಲು ಸೀಸೆಯಲ್ಲಿ ಬರುತ್ತಿದ್ದವು. ಇಂದು ನುಂಗಿದ್ದಾಯಿತೇ ಇಲ್ಲವೇ ಎಂಬುದು ತಿಳಿಯುತ್ತಿರಲಿಲ್ಲ. ಡೇವಿಡ್ ವ್ಯಾಗ್ನರ್ ಎಂಬ ಎಂಜಿನಿಯರು ತಮ್ಮ ಪತ್ನಿಗಾಗಿ ದಿನ ತೋರಿಸುವ ಡಬ್ಬಿಯನ್ನು ರೂಪಿಸಿ, 1962ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಇದು ಗಂಡನ ಕೆಲಸವೆಂಬುದನ್ನು ಯಜಮಾನರು ಗಮನಿಸಬೇಕು!

ನಮ್ಮ ಪಟ್ಟಿಯಲ್ಲಿ ಖಾಲಿ ಗುಳಿಯೇ ಸಾಕ್ಷಿ. ಆದರೆ ಪಟ್ಟಿ ಮನೆಯ ಗೂಡಿನಲ್ಲಿದ್ದು, ನೀವು ಮೈಲಾರ ಜಾತ್ರೆಗೋ ಕೊಟ್ಟೂರ ತೇರಿಗೋ ಹೋಗಿ ಉಳಿದರೆ? ಅದನ್ನು ಜೊತೆಗೆ ಒಯ್ಯಿರಿ. ಒಂದು ಬಿಳಿಯ ಮಾತ್ರೆ ತಪ್ಪಿದರೆ ನೆನಪಾದೊಡನೆ ನುಂಗಿ, ಆ ದಿನದ ಮಾತ್ರೆಯನ್ನೂ ಎಂದಿನ ವೇಳೆಗೆ ನುಂಗಿರಿ. ಎರಡು ಅಥವಾ ಹೆಚ್ಚು ತಪ್ಪಿದ್ದರೆ ನಿರೋಧ್ ಬಳಸಿ, ಆರೋಗ್ಯ ಸಹಾಯಕಿಯನ್ನು ಕಾಣಿರಿ. ಹೊಸದಾಗಿ ಆರಂಭಿಸುವವರು, ಅದರಲ್ಲೂ ಎದೆಹಾಲುಣಿಸುವವರು ಮತ್ತು ರಕ್ತದೊತ್ತಡವುಳ್ಳವರು, ಆಕೆಯನ್ನು ಕೇಳದೆ ನುಂಗಬಾರದು.